ದೋಟಿ ಹಿಡಿದು ಹೆಗಲು ಬಿಗಿದಿದೆ: ಸೂಜಿ ಹಾಕಿಸಲಾ, ತೈಲ ಹಾಕಿಸಲಾ?

ಪೆರ್ಲದ ತೋಟದವ
ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವನು. ವಯಸ್ಸು 51. ಎರಡೂವರೆ ಎಕರೆ ಅಡಿಕೆ ತೋಟ ಉಂಟು. ಬಲ ಹೆಗಲಿನ ನೋವಿನ ಬಗ್ಗೆ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ನಮ್ಮ ತೋಟಕ್ಕೆ ಮರ ಹತ್ತುವವರು ಒಬ್ಬರು ಬರುತ್ತಿದ್ದರು. ಇಪ್ಪತ್ತು ವರ್ಷ ಕೊಯ್ದದ್ದೂ ಅವರೇ, ಮದ್ದು ಬಿಟ್ಟದ್ದೂ ಅವರೇ. ಅವರಿಗೆ ಪ್ರಾಯ ಆಯಿತು. ಬೇರೆ ಜನ ಸಿಗಲಿಲ್ಲ. ಮೂರು ವರ್ಷದ ಹಿಂದೆ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ತಂದೆ. ನೆಲದಲ್ಲೇ ನಿಂತು ಗೊನೆ ಕೊಯ್ಯಬಹುದು. ಮಳೆಗಾಲದಲ್ಲಿ ಅದಕ್ಕೇ ಪೈಪ್ ಕಟ್ಟಿ ಬೋರ್ಡೋ (ಮೈಲುತುತ್ತು, ಸುಣ್ಣ ಸೇರಿಸಿದ ಮದ್ದು) ಬಿಡಬಹುದು. ದೋಟಿಯಿಂದ ನಮ್ಮ ಮನೆಗೆ ದೊಡ್ಡ ಉಪಕಾರವೇ ಆಗಿದೆ. ಅದಿಲ್ಲದಿದ್ದರೆ ತೋಟ ಬಿಡಬೇಕಾಗಿತ್ತು.

ಆದರೆ ಕೆಲಸ ಹೇಗಿರುತ್ತದೆ ನೋಡಿ. ಬೆಳಿಗ್ಗೆ ಏಳರಿಂದ ಹತ್ತೂವರೆವರೆಗೆ ಕುತ್ತಿಗೆ ಹಿಂದಕ್ಕೆ ಬಾಗಿಸಿ ಮೇಲೆಯೇ ನೋಡುತ್ತಿರಬೇಕು. ಎರಡೂ ಕೈ ಎದೆಗಿಂತ ಮೇಲೆ. ದೋಟಿ ನೆಟ್ಟಗೆ ನಿಂತಿದ್ದಾಗ ಭಾರ ಗೊತ್ತಾಗುವುದಿಲ್ಲ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಗಾಳಿಗೆ ತುದಿ ವಾಲುತ್ತದೆ. ಆಗ ಅದನ್ನು ತಡೆದು ಹಿಡಿಯುವುದು ಬಲ ಹೆಗಲು. ಒಂದು ಬೆಳಿಗ್ಗೆಗೆ ಹೀಗೆ ನೂರಾರು ಸಲ.

ಕಳೆದ ಮಳೆಗಾಲದಲ್ಲಿ ಎರಡನೇ ಸಲ ಮದ್ದು ಬಿಟ್ಟ ಮೇಲೆ ನೋವು ಶುರುವಾಯಿತು. ಕುತ್ತಿಗೆಯ ಬುಡಕ್ಕೂ ಭುಜಕ್ಕೂ ನಡುವೆ ಒಂದು ಗಂಟು ಕೈಗೆ ಸಿಗುತ್ತದೆ. ಸುಲಿದ ಅಡಿಕೆಯಷ್ಟು ದಪ್ಪ. ಒತ್ತಿದರೆ ನೋವು ಅಲ್ಲೇ ನಿಲ್ಲುವುದಿಲ್ಲ. ಕಿವಿಯ ಹಿಂದಿನಿಂದ ಏರಿ ಹಣೆಯ ಪಕ್ಕಕ್ಕೆ ಬರುತ್ತದೆ. ಬಲ ಮಗ್ಗುಲಲ್ಲಿ ಮಲಗಿ ಆರು ತಿಂಗಳಾಯಿತು. ಸ್ಕೂಟರಿನಲ್ಲಿ ಹೋಗುವಾಗ ಹಿಂದೆ ತಿರುಗಿ ನೋಡಬೇಕಾದರೆ ಇಡೀ ಸೊಂಟವನ್ನೇ ತಿರುಗಿಸಬೇಕು. ಈ ಸಲದ ಕೊಯ್ಲು ಹೇಗೋ ಅರ್ಧ ಮುಗಿಸಿದ್ದೇನೆ.

ಇಷ್ಟರವರೆಗೆ ಮಾಡಿದ್ದು: ಮುರಿವೆಣ್ಣ ಎಂಬ ನೋವಿನ ತೈಲ ಹಚ್ಚಿ ಬಿಸಿನೀರು ಹಾಕಿದೆ. ಹತ್ತು ದಿನ ನೋವಿನ ಮಾತ್ರೆ ತಿಂದೆ, ಹೊಟ್ಟೆ ಉರಿ ಬಂದು ಬಿಟ್ಟೆ. ಕಟಿಂಗ್ ಶಾಪಿಗೆ ಹೋದಾಗಲೆಲ್ಲ ಕುತ್ತಿಗೆ ಲಟಕ್ ಅನ್ನಿಸಿಕೊಂಡೆ. ಅರ್ಧ ದಿನ ಹಗುರ ಆಗುತ್ತದೆ, ಮತ್ತೆ ಅದೇ. ಡಾಕ್ಟರು ಫಿಸಿಯೋಥೆರಪಿಗೆ ಬರೆದರು. ಎಂಟು ದಿನ ಶಾಖ ಕೊಟ್ಟರು, ವ್ಯಾಯಾಮ ಹೇಳಿದರು. ಈಗ ಅಲ್ಲಿಯ ಮೇಡಂ ಡ್ರೈ ನೀಡ್ಲಿಂಗ್ ಮಾಡೋಣ, ನಾಲ್ಕು ಸಲ ಬನ್ನಿ ಎನ್ನುತ್ತಿದ್ದಾರೆ. ಗಂಟಿಗೇ ಸೂಜಿ ಚುಚ್ಚುವುದಂತೆ, ಮದ್ದು ಏನೂ ಇಲ್ಲವಂತೆ.

ಅಮ್ಮನಿಗೆ 78. ಅವರು ಒಪ್ಪುವುದಿಲ್ಲ. ಬಿಗಿದ ಮಾಂಸಕ್ಕೆ ತೈಲ ಬೇಕು, ಕಿಳಿ (ಬಟ್ಟೆಯಲ್ಲಿ ಕಟ್ಟಿದ ಸೊಪ್ಪಿನ ಬಿಸಿ ಶಾಖ) ಬೇಕು, ಸೂಜಿ ಯಾಕೆ ಎಂದು ಕೇಳುತ್ತಾರೆ. ನಮ್ಮ ಅಜ್ಜ ಪ್ರತಿ ಆಟಿ ತಿಂಗಳಲ್ಲಿ (ಮಳೆಗಾಲದ ನಡುವೆ) ಏಳು ದಿನ ತೈಲ ಹಾಕಿಸಿಕೊಳ್ಳುತ್ತಿದ್ದರು. ಅವರು 80 ದಾಟಿದ ಮೇಲೂ ಗುಡ್ಡೆ ಹತ್ತುತ್ತಿದ್ದರು. ಅಮ್ಮನ ಮಾತನ್ನು ಸುಮ್ನೆ ತಳ್ಳಿಹಾಕುವ ಮನಸ್ಸು ನನಗಿಲ್ಲ.

ಇನ್ನೊಂದು ವಿಷಯ. ಒಪ್ಪಿಗೆ ಪತ್ರ ಅಂತ ಒಂದು ಹಾಳೆ ಕೊಟ್ಟರು. ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಮಲಯಾಳ. ನನಗೆ ಮಲಯಾಳ ಮಾತಾಡಿದರೆ ಅರ್ಥ ಆಗುತ್ತದೆ, ಓದಲು ಬರುವುದಿಲ್ಲ. ಸಹಿ ಹಾಕದೆ ಮನೆಗೆ ತಂದೆ. ಅದರಲ್ಲಿ ಶ್ವಾಸಕೋಶದ ವಿಷಯ ಉಂಟು ಎಂದು ಮಗಳು ಓದಿ ಹೇಳಿದಳು. ಹೆಗಲಿಗೂ ಶ್ವಾಸಕೋಶಕ್ಕೂ ಏನು ಸಂಬಂಧ? ಅಲ್ಲಿಂದ ನಿದ್ದೆ ಇಲ್ಲ.

ಸೂಜಿ ಹಾಕಿದರೆ ಒಳಗೆ ಏನಾಗುತ್ತದೆ? ತೈಲ, ಮಸಾಜ್ ಇಷ್ಟೇ ಸಾಕಾ? ಮೇ ಕೊನೆಗೆ ಮೊದಲ ಮದ್ದು ಬಿಡಲೇಬೇಕು. ಮಹಾಳಿ (ಅಡಿಕೆಯ ಕೊಳೆರೋಗ) ಬಂದರೆ ಒಂದು ವರ್ಷದ ಬೆಳೆ ಉದುರುತ್ತದೆ. ಅಷ್ಟರೊಳಗೆ ಈ ಹೆಗಲು ದೋಟಿ ಹಿಡಿಯುವಂತೆ ಆಗುತ್ತದಾ? ಅನುಭವ ಇದ್ದವರು ಹೇಳಿ.


ಕುಂಬಳೆ ಫಿಸಿಯೋ
ಫೆಬ್ರವರಿ 10

ಅಣ್ಣ, ನಾನು ಕುಂಬಳೆಯವಳು. ಹನ್ನೊಂದು ವರ್ಷದಿಂದ ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಸಹಿ ಹಾಕದೆ ಹಾಳೆ ಮನೆಗೆ ತಂದಿರಲ್ಲ, ಅದು ತುಂಬಾ ಒಳ್ಳೆಯದಾಯಿತು. ಎಲ್ಲರೂ ಹಾಗೆ ಮಾಡಬೇಕು. ನಿಮ್ಮನ್ನು ಮುಟ್ಟಿ ನೋಡದೆ ಇದೇ ಕಾಯಿಲೆ ಎಂದು ನಾನು ಹೇಳುವುದಿಲ್ಲ. ನೀವು ಬರೆದದ್ದನ್ನು ಓದಿ ತಿಳಿದಷ್ಟು ಹೇಳುತ್ತೇನೆ.

ಕುತ್ತಿಗೆಯಿಂದ ಭುಜದ ತನಕ ಹರಡಿದ ಮಾಂಸಖಂಡಕ್ಕೆ ಟ್ರೆಪೀಜಿಯಸ್ ಎನ್ನುತ್ತಾರೆ. ಅದರ ಮೇಲಿನ ಭಾಗದಲ್ಲಿ ಒಂದು ಎಳೆ ಹಗ್ಗದಂತೆ ಬಿಗಿದುಕೊಳ್ಳುತ್ತದೆ. ಆ ಎಳೆಯಲ್ಲಿ ಒಂದು ಜಾಗ ವಿಪರೀತ ನೋಯುತ್ತದೆ. ಅದೇ ಟ್ರಿಗರ್ ಪಾಯಿಂಟ್. ಅಲ್ಲಿ ಒತ್ತಿದರೆ ನೋವು ಕುತ್ತಿಗೆಯ ಪಕ್ಕದಿಂದ ಕಿವಿಯ ಹಿಂದೆ ಹೋಗಿ ಹಣೆಯ ಪಕ್ಕಕ್ಕೆ ಏರುವುದು ತೀರಾ ಸಾಮಾನ್ಯ. ನೀವು ಬರೆದ ದಾರಿ ಅದೇ. ತಲೆನೋವು ಎಂದು ಬಂದ ಎಷ್ಟೋ ಜನರ ಮೂಲ ಹೆಗಲಲ್ಲಿ ಸಿಕ್ಕಿದ್ದನ್ನು ನೋಡಿದ್ದೇನೆ.

ಇದರ ನಕ್ಷೆ ಬಿಡಿಸಿದ್ದು ಅಮೆರಿಕದ ಡಾಕ್ಟರ್ ಜ್ಯಾನೆಟ್ ಟ್ರಾವೆಲ್. ಎಲ್ಲಿ ಒತ್ತಿದರೆ ಎಲ್ಲಿ ನೋಯುತ್ತದೆ ಎಂದು 1940ರ ದಶಕದಿಂದಲೇ ಅವರು ಬರೆಯುತ್ತಾ ಬಂದರು. ಮುಂದೆ ಅಧ್ಯಕ್ಷ ಕೆನಡಿಯವರ ವೈದ್ಯರೂ ಆದರು. ಅವರು ಗಂಟಿಗೆ ಮರಗಟ್ಟಿಸುವ ಮದ್ದು ಚುಚ್ಚುತ್ತಿದ್ದರು. 1979ರಲ್ಲಿ ಪ್ರಾಗ್‌ನ ಡಾಕ್ಟರ್ ಕರೆಲ್ ಲೆವಿಟ್ 241 ರೋಗಿಗಳ ಅನುಭವ ಬರೆದರು. ಮದ್ದಿಲ್ಲದೆ ಬರೀ ಸೂಜಿ ಹಾಕಿದರೂ ಹೆಚ್ಚಿನವರಿಗೆ ನೋವು ಅಲ್ಲೇ ಇಳಿಯಿತು, ಆದರೆ ಸೂಜಿ ಸರಿಯಾಗಿ ನೋಯುವ ಜಾಗಕ್ಕೇ ತಾಗಬೇಕು ಎಂದರು. ಮದ್ದು ಇಲ್ಲ, ಆದ್ದರಿಂದ ಡ್ರೈ. ಹೆಸರು ಬಂದದ್ದು ಅಷ್ಟಕ್ಕೇ.

ಸೂಜಿ ಅಕ್ಯುಪಂಕ್ಚರಿನದ್ದೇ. ಗಟ್ಟಿ ಸೂಜಿ, ಒಳಗೆ ತೂತು ಇರುವುದಿಲ್ಲ. ದಪ್ಪ ಕಾಲು ಮಿಲಿಮೀಟರಿನ ಆಸುಪಾಸು. ಸಾಮಾನ್ಯ ಇಂಜೆಕ್ಷನ್ ಸೂಜಿ ಇದರ ಎರಡರಷ್ಟು ದಪ್ಪ ಇರುತ್ತದೆ. ಆದರೆ ವಿಧಾನ ಬೇರೆ. ಅಕ್ಯುಪಂಕ್ಚರಿನವರು ಚೀನಾದ ಹಳೆಯ ಲೆಕ್ಕದ ದಾರಿಗಳನ್ನು ಹಿಡಿದು ಹೋಗುತ್ತಾರೆ. ನಾವು ಕೈಗೆ ಸಿಕ್ಕ ಬಿಗಿದ ಎಳೆಯನ್ನು ಹಿಡಿದು ಹೋಗುತ್ತೇವೆ. ಸೂಜಿ ತಾಗಿದಾಗ ಆ ಎಳೆ ಒಮ್ಮೆ ತಾನಾಗಿ ಅದುರುತ್ತದೆ. ನಂತರ ಬಿಗಿ ಸ್ವಲ್ಪ ಸಡಿಲ ಆಗುತ್ತದೆ, ನೋವಿನ ಸುದ್ದಿ ಒಯ್ಯುವ ನರಗಳ ಚುರುಕು ಕಡಿಮೆ ಆಗುತ್ತದೆ. ಒಳಗೆ ನಿಜವಾಗಿ ಏನು ನಡೆಯುತ್ತದೆ ಎನ್ನುವುದರ ಬಗ್ಗೆ ತಜ್ಞರಲ್ಲೇ ಇನ್ನೂ ಚರ್ಚೆ ಇದೆ. ಗಂಟು ಒಡೆದುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಲಾಭ ಎಷ್ಟು? ಕೆಲವು ವಾರಗಳ ಮಟ್ಟಿಗೆ ನೋವು ಇಳಿಸುತ್ತದೆ ಎನ್ನಲು ಸಾಕಷ್ಟು ಅಧ್ಯಯನಗಳಿವೆ. ಮೂರು ತಿಂಗಳು ದಾಟಿದ ಮೇಲೆ ಲೆಕ್ಕ ಹಾಕಿದರೆ ಬೇರೆ ಫಿಸಿಯೋಥೆರಪಿಗಿಂತ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಮಸಾಜಿನ ಕಥೆಯೂ ಹೆಚ್ಚುಕಡಿಮೆ ಅದೇ. ಬಿಸಿ ಎಣ್ಣೆ ಹಾಕಿ ಒಳ್ಳೆಯ ಕೈಯಲ್ಲಿ ತಿಕ್ಕಿಸಿಕೊಂಡರೆ ನೋವು ಇಳಿಯುತ್ತದೆ, ನಿದ್ದೆ ಬರುತ್ತದೆ, ಕುತ್ತಿಗೆ ತಿರುಗುತ್ತದೆ. ಅಮ್ಮ ಹೇಳುವುದು ಸುಳ್ಳಲ್ಲ. ಲ್ಯಾಕ್ಟಿಕ್ ಆಸಿಡ್ ತಿಕ್ಕಿ ತೆಗೆಯುತ್ತೇವೆ ಎಂದು ಕೆಲವು ಮಸಾಜಿನವರು ಹೇಳುತ್ತಾರೆ, ಅದು ಮಾತ್ರ ಸರಿಯಲ್ಲ. ಕೆಲಸ ನಿಲ್ಲಿಸಿದ ಒಂದೆರಡು ಗಂಟೆಯಲ್ಲಿ ದೇಹವೇ ಅದನ್ನು ತೆಗೆದಿರುತ್ತದೆ.

ಸೂಜಿಯಾಗಲಿ ತೈಲವಾಗಲಿ, ನಿಮಗೆ ಸಿಗುವುದು ಕೆಲವು ದಿನಗಳ ಬಿಡುವು. ಆ ಬಿಡುವಿನಲ್ಲಿ ಹೆಗಲಿಗೆ ಶಕ್ತಿ ತುಂಬಬೇಕು, ದೋಟಿ ಹಿಡಿಯುವ ಕ್ರಮ ಬದಲಿಸಬೇಕು. ಅದು ಮಾಡದಿದ್ದರೆ ಗಂಟು ಹಿಂದೆ ಬರುತ್ತದೆ. ನಾನು ಹನ್ನೊಂದು ವರ್ಷದಲ್ಲಿ ಜಾಸ್ತಿ ನೋಡಿದ್ದು ಇದನ್ನೇ.

ಈಗ ಶ್ವಾಸಕೋಶ. ಅದರ ತುದಿ ಕಾಲರ್ ಎಲುಬಿಗಿಂತಲೂ ಸ್ವಲ್ಪ ಮೇಲೆ, ಕುತ್ತಿಗೆಯ ಬುಡದ ತನಕ ಬರುತ್ತದೆ. ಹೆಗಲ ಮಾಂಸದ ಕೆಳಗೆ ಅದು ಇದೆ. ಸೂಜಿ ನೇರ ಕೆಳಗೆ ಆಳಕ್ಕೆ ಹೋದರೆ ತಾಗಬಹುದು. ಗಾಳಿ ಹೊರಗೆ ಸೋರಿ ಶ್ವಾಸಕೋಶ ಕುಗ್ಗಬಹುದು. ಇದು ಅಪರೂಪ, ಆದರೆ ಆಗಿದೆ. ಅದಕ್ಕೇ ಕಲಿತವರು ಆ ಮಾಂಸವನ್ನು ಬೆರಳುಗಳ ನಡುವೆ ಚಿವುಟಿ ಎತ್ತಿ ಹಿಡಿದು, ಎತ್ತಿದ ಭಾಗದೊಳಗೇ ಸೂಜಿ ಹಾಕುತ್ತಾರೆ. ಸೂಜಿ ಹಾಕಿಸಿಕೊಂಡ ದಿನ ಅಥವಾ ಮರುದಿನ ಉಸಿರು ಎಳೆದರೆ ಎದೆ ಚುಚ್ಚುವುದು, ಏದುಸಿರು, ಒಣ ಕೆಮ್ಮು ಬಂದರೆ ಕಾಯಬೇಡಿ. ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಹೆಗಲಿಗೆ ಸೂಜಿ ಹಾಕಿಸಿದ್ದೇನೆ ಎಂದು ಹೇಳಿ. ಒಂದೆರಡು ದಿನ ಮೈನೋವು, ಸ್ವಲ್ಪ ನೀಲಿಗಟ್ಟುವುದು ಮಾಮೂಲಿ.

ಮೇಡಂ ಹತ್ತಿರ ಧೈರ್ಯವಾಗಿ ಕೇಳಿ. ಇದನ್ನು ಎಲ್ಲಿ ಕಲಿತಿರಿ? ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ? ಎರಡು ಮೂರು ದಿನದ ಕೋರ್ಸುಗಳೂ ಇವೆ, ಹಾಗಾಗಿ ಕೇಳುವುದರಲ್ಲಿ ತಪ್ಪಿಲ್ಲ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರು ಒಡೆಯಬೇಕು. ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ, ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದಿದ್ದರೆ ಮೊದಲೇ ಹೇಳಬೇಕು. ಬಸುರಿಯರು ಕೂಡ ಹೇಳಲೇಬೇಕು.

ಕೈ ಬೆರಳಿಗೆ ಜೋಮು ಹಿಡಿಯುತ್ತದಾ? ಹಿಡಿದದ್ದು ಕೈಯಿಂದ ಬೀಳುತ್ತದಾ? ನೋವಿನ ಜೊತೆ ಜ್ವರ, ತೂಕ ಇಳಿಯುವುದು ಉಂಟಾ? ಇದ್ದರೆ ಇದು ಬರೀ ಮಾಂಸದ ಬಿಗಿ ಅಲ್ಲ. ಮೊದಲು ಡಾಕ್ಟರಿಗೆ ತೋರಿಸಿ.

ಕೊನೆಗೆ ಒಂದು ಬೇಡಿಕೆ. ಕಟಿಂಗ್ ಶಾಪಿನಲ್ಲಿ ಕುತ್ತಿಗೆ ತಿರುಚಿಸಿಕೊಳ್ಳುವುದನ್ನು ಇವತ್ತೇ ನಿಲ್ಲಿಸಿ. ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆಯ ಎಲುಬಿನ ಒಳಗಿಂದ ಹೋಗುತ್ತವೆ. ಒಮ್ಮೆಲೇ ತಿರುಚಿದಾಗ ಅದರ ಒಳಪದರ ಹರಿದು ಲಕ್ವ ಹೊಡೆದದ್ದುಂಟು.


ಬಾಯಾರು ಅಕ್ಕ
ಫೆಬ್ರವರಿ 10

ಅಣ್ಣ, ನನ್ನದು ಬೀಡಿ ಕಟ್ಟಿದ ಹೆಗಲು. 22 ವರ್ಷ ಕಟ್ಟಿದ್ದೇನೆ. ತಡ್ಪೆ (ಮೊರ) ಮಡಿಲಲ್ಲಿಟ್ಟು, ತಲೆ ತಗ್ಗಿಸಿ ಬೆಳಿಗ್ಗೆಯಿಂದ ಸಂಜೆ. ನೀವು ಮೇಲೆ ನೋಡಿ ನೋಡಿ, ನಾನು ಕೆಳಗೆ ನೋಡಿ ನೋಡಿ. ನೋವು ಅದೇ ಜಾಗದಲ್ಲಿ.

ನಾನು ಎರಡನ್ನೂ ಮಾಡಿಸಿದ್ದೇನೆ. ಮೊದಲು ಏಳು ದಿನ ಎಲೆಗಳ ಕಿಳಿ. ನುಗ್ಗೆ ಸೊಪ್ಪು, ಔಡಲ ಎಲೆ, ಲಿಂಬೆ, ತೆಂಗಿನಕಾಯಿ ತುರಿ ಎಣ್ಣೆಯಲ್ಲಿ ಹುರಿದು ಬಟ್ಟೆಯಲ್ಲಿ ಕಟ್ಟಿ, ಬಿಸಿ ಬಿಸಿ ಮೈಗೆ ತಾಗಿಸಿ ತಿಕ್ಕುತ್ತಾರೆ. ಆ ಪರಿಮಳಕ್ಕೇ ಅರ್ಧ ನೋವು ಹೋಗುತ್ತದೆ. ಅಂಥ ನಿದ್ದೆ ಮದುವೆಯಾದ ಮೇಲೆ ನಾನು ಮಾಡಿರಲಿಲ್ಲ. ಆದರೆ ಮನೆಗೆ ಬಂದು ತಡ್ಪೆ ಹಿಡಿದು ಹತ್ತನೇ ದಿನಕ್ಕೆ ನೋವು ಹಿಂದೆ ಬಂತು. ಅತ್ತುಬಿಟ್ಟೆ.

ಮರುವರ್ಷ ಸೂಜಿ. ಮೊದಲ ದಿನ ನನಗೆ ತಲೆ ತಿರುಗಿತು. ಏನೂ ತಿನ್ನದೆ ಹೋಗಿದ್ದೆ, ಕುರ್ಚಿಯಲ್ಲಿ ಕೂತೇ ಹಾಕಿದರು. ಕಣ್ಣು ಕತ್ತಲೆ ಬಂದು ಬೆವರಿ ಬಿದ್ದೆ. ಎರಡನೇ ಸಲ ಗಂಜಿ ಉಂಡು ಹೋದೆ, ಮಲಗಿಸಿ ಹಾಕಿದರು, ಏನೂ ಆಗಲಿಲ್ಲ. ನೀವು ತಿಂದು ಹೋಗಿ, ಮಲಗಿಯೇ ಹಾಕಿಸಿಕೊಳ್ಳಿ.

ನಿಜವಾಗಿ ನನಗೆ ಗುಣ ಆದದ್ದು ಮಗಳು ತಡ್ಪೆಯ ಅಡಿಗೆ ಒಂದು ಗಿಡ್ಡ ಮಣೆ ಇಟ್ಟುಕೊಟ್ಟ ಮೇಲೆ. ಕೆಲಸ ಕಣ್ಣಿನ ಹತ್ತಿರ ಬಂತು, ಕುತ್ತಿಗೆ ಅಷ್ಟು ಬಾಗಬೇಕಿಲ್ಲ. ನೂರು ಬೀಡಿಗೊಮ್ಮೆ ಎದ್ದು ಬಾವಿಕಟ್ಟೆಯ ತನಕ ಹೋಗಿ ಬರುತ್ತೇನೆ. ದಿನಕ್ಕೆ ಐವತ್ತು ಬೀಡಿ ಕಡಿಮೆ ಆಗುತ್ತದೆ. ಆಗಲಿ.

ಪುಟ್ಟ ಖರ್ಚಿನ ಒಂದು ಉಪಾಯ: ಹಳೆಯ ಕಾಲುಚೀಲದಲ್ಲಿ ಉಪ್ಪು ತುಂಬಿಸಿ, ಕಾವಲಿಯಲ್ಲಿ ಬಿಸಿ ಮಾಡಿ ಹೆಗಲ ಮೇಲೆ ಇಡಿ. ಕೈಯ ಹಿಂಬದಿಗೆ ತಾಗಿಸಿ ನೋಡಿ ಇಡಬೇಕು, ಸುಡಬಾರದು.


ನೀರ್ಚಾಲು ಮಾಸ್ತರು
ಫೆಬ್ರವರಿ 11

ನೋವು ಬಲಗಡೆ ಎಂದು ಬರೆದಿದ್ದೀರಿ. ಆದರೂ ಇದನ್ನು ಓದುವ ಬೇರೆಯವರಿಗಾಗಿ ಬರೆಯುತ್ತಿದ್ದೇನೆ. ನಾನು ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು.

ನನಗೆ ಎಡ ಹೆಗಲು ನೋಯುತ್ತಿತ್ತು. ಪೇಟೆಯಲ್ಲಿ ಒಬ್ಬರ ಹತ್ತಿರ ಐದು ವಾರ ಮಸಾಜ್ ಮಾಡಿಸಿದೆ. ಅವರು ಒತ್ತಿದಾಗ ಅಂಥ ನೋವೇನೂ ಇರುತ್ತಿರಲಿಲ್ಲ. ಮನೆಯಿಂದ ರಸ್ತೆಗೆ ಗುಡ್ಡೆ ಏರುವಾಗ ಮಾತ್ರ ನೋವು ಬರುತ್ತಿತ್ತು, ಕೂತರೆ ಐದು ನಿಮಿಷದಲ್ಲಿ ಹೋಗುತ್ತಿತ್ತು. ಈ ವ್ಯತ್ಯಾಸ ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಅದು ಹೃದಯದ ನೋವಾಗಿತ್ತು. ಮಂಗಳೂರಿನಲ್ಲಿ ಎರಡು ಸ್ಟೆಂಟ್ ಹಾಕಿದರು.

ಮಾಂಸದ ನೋವಾದರೆ ಒತ್ತಿದಾಗ, ಆ ಕೈ ಎತ್ತಿದಾಗ ಗೊತ್ತಾಗುತ್ತದೆ. ಕೈ ಸುಮ್ಮನಿದ್ದು ಬರೀ ನಡೆದಾಗ, ಏರು ಹತ್ತಿದಾಗ ಭುಜ, ದವಡೆ, ಎದೆ ಹಿಡಿದುಕೊಂಡರೆ ಎಡವೋ ಬಲವೋ ಎಂದು ನೋಡಬೇಡಿ, ಮೊದಲು ಇಸಿಜಿ ತೆಗೆಸಿ. ಮಸಾಜಿಗೆ ಹೋಗುವವರು ಇನ್ನೊಂದು ನೆನಪಿಡಿ. ಒಂದೇ ಕಾಲಿನ ಮೀನಖಂಡ ಬಾತು, ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ತಿಕ್ಕಿಸಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದು ಜಾರಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಇದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಪಕ್ಕದ ಹಾಸಿಗೆಯವರಿಂದ ಕಲಿತ ಪಾಠ.

ಒಪ್ಪಿಗೆ ಪತ್ರದ ವಿಷಯ ಓದಿ ಮನಸ್ಸಿಗೆ ಬೇಸರವಾಯಿತು. ಈ ಜಿಲ್ಲೆಯಲ್ಲಿ ಕನ್ನಡ ಓದುವವರು ಇಷ್ಟು ಜನ ಇದ್ದೇವೆ. ಮೈಗೆ ಸೂಜಿ ಹಾಕುವ ಮೊದಲು ಓದಿಸುವ ಹಾಳೆಯಾದರೂ ನಮ್ಮ ಭಾಷೆಯಲ್ಲಿ ಇರಬೇಕಲ್ವಾ? ನೀವು ಅದರ ಫೋಟೋ ಕಳಿಸಿದರೆ ನಾನು ಕನ್ನಡಕ್ಕೆ ಮಾಡಿಕೊಡುತ್ತೇನೆ.


ಪೆರ್ಲದ ತೋಟದವ
ಫೆಬ್ರವರಿ 12

ಮೂವರಿಗೂ ಕೈ ಮುಗಿಯುತ್ತೇನೆ. ಬೆರಳಿಗೆ ಜೋಮು ಇಲ್ಲ. ಏರು ಹತ್ತಿದರೆ ನೋವು ಬರುವುದಿಲ್ಲ, ಆದರೂ ಇಸಿಜಿ ತೆಗೆಸಿದೆ, ಸರಿ ಇದೆ. ಮಾಸ್ತರೇ, ಫೋಟೋ ಕಳಿಸಿದ್ದೇನೆ. ತಂಗಿ, ಕಟಿಂಗ್ ಶಾಪಿನಲ್ಲಿ ಇನ್ನು ಕೂದಲು ಮಾತ್ರ.


ಪೆರ್ಲದ ತೋಟದವ
ಏಪ್ರಿಲ್ 6

ಏನಾಯಿತು ಎಂದು ತಿಳಿಸುವುದು ನನ್ನ ಕರ್ತವ್ಯ. ಹಾಗಾಗಿ ಬರೆಯುತ್ತಿದ್ದೇನೆ.

ಮಾಸ್ತರು ಕನ್ನಡ ಮಾಡಿಕೊಟ್ಟ ಹಾಳೆಯನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಎರಡು ಸಲ ಓದಿಸಿದರು. ಆಮೇಲೆ, ಮಾಂಸ ಚಿವುಟಿ ಎತ್ತಿ ಹಾಕುತ್ತಾರಾ ಎಂದು ನೀನೇ ಕೇಳು, ಹೌದು ಎಂದರೆ ಹಾಕಿಸಿಕೋ ಎಂದರು. ಹೋಗಿ ಕೇಳಿದೆ. ಮೇಡಂಗೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ. ತನ್ನ ಕೈಯನ್ನೇ ಚಿವುಟಿ ತೋರಿಸಿದರು. ಆರು ವರ್ಷದಿಂದ ಮಾಡುತ್ತಿದ್ದಾರಂತೆ.

ಅವರು ಕಾಞಂಗಾಡು ಕಡೆಯವರು, ಮಲಯಾಳ ಮಾತ್ರ. ಮೊದಲ ದಿನ ನೀರ್ ಉಂಡೋ ಎಂದು ಕೇಳಿದ್ದರು. ನಾನು ಕುಡಿಯುವ ನೀರು ಎಂದುಕೊಂಡು ಬೇಡ ಎಂದಿದ್ದೆ. ಅವರು ಕೇಳಿದ್ದು ಬಾವು ಉಂಟಾ ಎಂದು. ನೋವಿನ ವಿಷಯದಲ್ಲಿ ಇಂಥ ಒಂದು ಶಬ್ದ ತಪ್ಪಿದರೂ ಕಷ್ಟ. ಈ ಸಲ ಅಲ್ಲಿ ಕೆಲಸಕ್ಕಿರುವ ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆವು. ನಾನು ತುಳುವಿನಲ್ಲಿ ಹೇಳಿದೆ, ಅವಳು ಮಲಯಾಳದಲ್ಲಿ ಹೇಳಿದಳು. ಬೇರೆಯವರಿಗೂ ಬೇಕಾಗಬಹುದು: ಜೋಮಿಗೆ ತರಿಪ್ಪ್ ಎನ್ನುತ್ತಾರೆ, ಮರಗಟ್ಟುವುದಕ್ಕೆ ಮರವಿಪ್ಪ್, ಒಳಗಿಂದ ಸೆಳೆಯುವ ನೋವಿಗೆ ಕಡಚ್ಚಿಲ್.

ಸೂಜಿಯ ದಿನ ದೋಸೆ ತಿಂದು ಹೋದೆ. ಬೋರಲು ಮಲಗಿಸಿದರು. ಪ್ಯಾಕೆಟ್ ಎದುರಿಗೇ ಒಡೆದರು. ಚರ್ಮಕ್ಕೆ ಚುಚ್ಚಿದ್ದು ಸೊಳ್ಳೆ ಕಚ್ಚಿದಷ್ಟೂ ಇಲ್ಲ. ಒಳಗೆ ಹೋಗಿ ಗಂಟಿಗೆ ತಾಗಿದಾಗ ಬೇರೆಯೇ. ದನದ ಮೈ ಮೇಲೆ ನೊಣ ಕೂತರೆ ಅಲ್ಲಿಯ ಚರ್ಮ ಮಾತ್ರ ಅದುರುತ್ತದಲ್ಲ, ಹಾಗೆ ನನ್ನ ಹೆಗಲು ತಾನಾಗಿ ಅದುರಿತು. ನಾನು ಅಲುಗಾಡಿಸಿದ್ದಲ್ಲ. ಅದೇ ಕ್ಷಣ ಕಿವಿಯ ಹಿಂದಿನಿಂದ ಹಣೆಗೆ ನೋವು ಓಡಿತು. ಆರು ತಿಂಗಳು ನನ್ನ ನಿದ್ದೆ ಕೆಡಿಸಿದ ನೋವು ಅದೇ, ಅದೇ ದಾರಿ. ಅಷ್ಟು ತಿಂಗಳಲ್ಲಿ ಮೊದಲ ಸಲ ಯಾರೋ ಅದರ ಮನೆ ಬಾಗಿಲು ಕಂಡುಹಿಡಿದರು ಎಂದು ಅನಿಸಿತು. ಕಣ್ಣಲ್ಲಿ ನೀರು ಬಂತು.

ನಾಲ್ಕು ಜಾಗಕ್ಕೆ ಹಾಕಿದರು. ಹತ್ತು ಹನ್ನೆರಡು ನಿಮಿಷ. ಎರಡು ದಿನ ಹೆಗಲು ಕುಟ್ಟಿ ಹಾಕಿದ ಹಾಗೆ ಇತ್ತು. ಮೂರನೇ ದಿನ ಸ್ಕೂಟರಿನಲ್ಲಿ ಹಿಂದೆ ತಿರುಗಿ ನೋಡಿದೆ, ಸೊಂಟ ತಿರುಗಿಸದೆ. ಎರಡನೇ ಸಲದ್ದು ಅಷ್ಟು ಪರಿಣಾಮ ಕಾಣಲಿಲ್ಲ. ಮೂರನೆಯದು ಚೆನ್ನಾಗಿ ಹಿಡಿಯಿತು. ನಾಲ್ಕನೆಯದು ಬೇಡ, ಇನ್ನು ವ್ಯಾಯಾಮ ಮಾಡಿ ಎಂದು ಅವರೇ ಹೇಳಿದರು. ಆ ಮಾತಿನಿಂದ ಅವರ ಮೇಲೆ ನಂಬಿಕೆ ಇನ್ನೂ ಹೆಚ್ಚಾಯಿತು.

ಅಮ್ಮನ ಮಾತೂ ನಡೆಸಿದ್ದೇನೆ. ವಾರಕ್ಕೆ ಎರಡು ಸಂಜೆ ಕೊಟ್ಟಂಚುಕ್ಕಾದಿ ತೈಲ ಬಿಸಿ ಮಾಡಿ ಹೆಂಡತಿ ಹಚ್ಚಿ ತಿಕ್ಕುತ್ತಾಳೆ. ಎಲ್ಲಿ ಒತ್ತಬೇಕು ಎಂದು ಅಮ್ಮ ಕುರ್ಚಿಯಲ್ಲಿ ಕೂತು ಹೇಳುತ್ತಾರೆ. ಸೂಜಿ ಹಾಕಿದ ದಿನ ಮತ್ತು ಮರುದಿನ ಮಾತ್ರ ತೈಲ ಇಲ್ಲ.

ಈಗ ನೋವು ಹತ್ತರಲ್ಲಿ ಎಂಟು ಇದ್ದದ್ದು ಎರಡು ಮೂರಕ್ಕೆ ಬಂದಿದೆ. ದೋಟಿ ಇನ್ನೂ ಮುಟ್ಟಿಲ್ಲ, ಮನಸ್ಸಿನಲ್ಲಿ ಹೆದರಿಕೆ ಉಂಟು. ತಂಗಿ, ಹಿಡಿಯುವ ಕ್ರಮ ಬದಲಿಸಬೇಕು ಎಂದಿದ್ದಿರಿ. ಹೇಗೆ?


ಕುಂಬಳೆ ಫಿಸಿಯೋ
ಏಪ್ರಿಲ್ 7

ಅಣ್ಣ, ಓದಿ ತುಂಬಾ ಸಂತೋಷ ಆಯಿತು. ನಾಲ್ಕನೆಯದು ಬೇಡ ಎಂದ ಆ ಮೇಡಂಗೆ ನನ್ನ ನಮಸ್ಕಾರ ತಿಳಿಸಿ.

ನೀವು ಕೇಳಿದ ಮೇಲೆ ನಿನ್ನೆ ಸಂಜೆ ಊರಿಗೆ ಬಂದವಳು ಮಾವನ ತೋಟದಲ್ಲಿ ದೋಟಿ ಹಿಡಿದು ನೋಡಿದೆ. ಕಾಲು ಗಂಟೆಗೇ ನನ್ನ ಕುತ್ತಿಗೆ ಸೋತಿತು. ನನಗೆ ತೋಚಿದ್ದು ಇಷ್ಟು. ಕುತ್ತಿಗೆಯನ್ನೊಂದೇ ಬಾಗಿಸಬೇಡಿ. ಒಂದು ಕಾಲು ಹಿಂದೆ ಇಟ್ಟು ಇಡೀ ಬೆನ್ನನ್ನೇ ಸ್ವಲ್ಪ ಹಿಂದಕ್ಕೆ ಒರಗಿಸಿ. ದೋಟಿಯ ಬುಡಕ್ಕೆ ಸೊಂಟದಲ್ಲಿ ಒಂದು ಆಸರೆ ಮಾಡಿ, ಮೆರವಣಿಗೆಯಲ್ಲಿ ಧ್ವಜ ಹಿಡಿಯುವವರ ಪಟ್ಟಿಯ ಹಾಗೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇನ್ನೊಬ್ಬರಿಗೆ ಕೊಡಿ. ಒಂದು ಮರದಿಂದ ದೂರದ ಮರಕ್ಕೆ ಹೋಗುವಾಗ ದೋಟಿಯನ್ನು ಕುಗ್ಗಿಸಿಯೇ ಹೋಗಿ, ಹೊತ್ತು ಹೋದರೂ ಪರವಾಗಿಲ್ಲ.

ಬಂಡೆ ಹತ್ತುವ ಆಟದಲ್ಲಿ ಕೆಳಗೆ ನಿಂತು ಹಗ್ಗ ಹಿಡಿಯುವವರಿಗೂ ಇದೇ ಕುತ್ತಿಗೆ ನೋವು ಬರುತ್ತದೆ. ಅವರು ಪ್ರಿಸಂ ಇರುವ ಒಂದು ಕನ್ನಡಕ ಹಾಕುತ್ತಾರೆ. ಮುಖ ನೇರ ಇಟ್ಟುಕೊಂಡರೆ ಮೇಲಿನದ್ದು ಕಾಣುತ್ತದೆ. ಆನ್‌ಲೈನಿನಲ್ಲಿ ಸಿಗುತ್ತದೆ. ಒಮ್ಮೆ ಪ್ರಯತ್ನಿಸಿ. ಅದನ್ನು ಹಾಕಿಕೊಂಡು ನಡೆಯಬೇಡಿ, ಕಾಲಡಿ ಏನಿದೆ ಎಂದು ಗೊತ್ತಾಗುವುದಿಲ್ಲ.

ವ್ಯಾಯಾಮ ಬಿಡಬೇಡಿ. ಭುಜ ಎತ್ತಿ ಇಳಿಸುವುದು, ಬೆನ್ನಿನ ಹಲಗೆ ಎಲುಬುಗಳನ್ನು ಹಿಂದಕ್ಕೆ ಸೇರಿಸುವುದು, ಎರಡು ಲೀಟರ್ ನೀರಿನ ಬಾಟಲಿ ಹಿಡಿದು ಕೈ ಪಕ್ಕಕ್ಕೆ ಎತ್ತುವುದು. ದಿನ ಬಿಟ್ಟು ದಿನ. ಮೇ ಮೊದಲ ವಾರದಿಂದ ದೋಟಿ ಹಿಡಿಯಲು ಶುರು ಮಾಡಿ. ಮೊದಲ ದಿನ ಹತ್ತು ನಿಮಿಷ, ಮೂರು ದಿನಕ್ಕೊಮ್ಮೆ ಐದು ನಿಮಿಷ ಏರಿಸಿ. ಒಮ್ಮೆಲೇ ಮೂರೂವರೆ ಗಂಟೆ ಬೇಡ.


ನೀರ್ಚಾಲು ಮಾಸ್ತರು
ಏಪ್ರಿಲ್ 7

ದೋಟಿಯ ಮಾತು ಬಂತು, ಹಾಗಾಗಿ ಹೇಳುತ್ತೇನೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ಲೈನ್ ಹೋಗಿದ್ದರೆ ಅದರ ಹತ್ತಿರದ ಮರಗಳಿಗೆ ದೋಟಿ ಎತ್ತಬೇಡಿ. ಕನ್ನಡಕ ಹಾಕಿಕೊಂಡಾಗ ಅಂತೂ ಬೇಡವೇ ಬೇಡ.

ಹಾಳೆಯ ಕನ್ನಡ ಪ್ರತಿಯನ್ನು ಆ ಮೇಡಂಗೂ ಕೊಡಿ. ಮುಂದೆ ಬರುವವರಿಗೆ ಆಗುತ್ತದೆ.


ಪೆರ್ಲದ ತೋಟದವ
ಜೂನ್ 4

ಮೊದಲ ಮದ್ದು ಮುಗಿಯಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಯಾವಾಗಲೂ ಮಾಡುವ ಲೆಕ್ಕ. ಬದಲಾದದ್ದು ಬಿಡುವ ಕ್ರಮ. ಮುಂಚೆ ಮೂರು ದಿನದಲ್ಲಿ ಮುಗಿಸುತ್ತಿದ್ದೆ. ಈ ಸಲ ಆರು ದಿನ. ನಾನು ಇಪ್ಪತ್ತು ನಿಮಿಷ, ಅಕ್ಕನ ಮಗ ಇಪ್ಪತ್ತು ನಿಮಿಷ. ಮಗಳು ಮೊಬೈಲಿನಲ್ಲಿ ಹೊತ್ತು ನೋಡಿ ಕೂಗುತ್ತಿದ್ದಳು.

ಸೊಂಟದ ಪಟ್ಟಿಯನ್ನು ಪೇಟೆಯಲ್ಲಿ ಚಪ್ಪಲಿ ಹೊಲಿಯುವವರು ಹಳೆಯ ಟ್ಯೂಬಿನಿಂದ ಮಾಡಿಕೊಟ್ಟರು. ಬಹಳ ಉಪಯೋಗ ಆಯಿತು, ಕೈಯ ಭಾರ ಅರ್ಧ ಇಳಿದ ಹಾಗೆ. ಕನ್ನಡಕಕ್ಕೆ ಅಭ್ಯಾಸ ಆಗಲು ಒಂದು ವಾರ ಬೇಕಾಯಿತು, ಮೊದಮೊದಲು ಗೊನೆ ಒಂದು ಕಡೆ ಕಂಡರೆ ದೋಟಿ ಇನ್ನೊಂದು ಕಡೆ ಹೋಗುತ್ತಿತ್ತು. ಈಗ ಒಂದೇ ಮರದ ಕೆಳಗೆ ನಿಂತು ಬಿಡುವಾಗ ಹಾಕುತ್ತೇನೆ. ಲೈನಿನ ಕೆಳಗಿನ ಹದಿನಾಲ್ಕು ಮರ ಹಾಗೇ ಬಿಟ್ಟಿದ್ದೇವೆ. ಅದಕ್ಕೆ ಹತ್ತುವವರು ಸಿಕ್ಕಿದರೆ ನೋಡೋಣ.

ನಾಲ್ಕನೇ ದಿನ ಸಂಜೆ ಗಂಟು ಮತ್ತೆ ಸ್ವಲ್ಪ ಎದ್ದಿತು. ಹೆದರಿದೆ. ಒಂದು ದಿನ ಕೆಲಸ ನಿಲ್ಲಿಸಿ, ಬಾಯಾರು ಅಕ್ಕ ಹೇಳಿದ ಉಪ್ಪಿನ ಶಾಖ ಕೊಟ್ಟೆ, ಅಮ್ಮ ತೈಲ ಹಾಕಿಸಿದರು. ಮರುದಿನ ಇಳಿಯಿತು. ರಾತ್ರಿ ಬಲ ಮಗ್ಗುಲಲ್ಲಿ ಮಲಗುತ್ತಿದ್ದೇನೆ. ನಲವತ್ತು ದಿನ ಬಿಟ್ಟು ಎರಡನೇ ಮದ್ದು. ಅಷ್ಟರಲ್ಲಿ ಹೆಗಲು ಹೇಗಿದೆ ಎಂದು ಇಲ್ಲೇ ಬರೆಯುತ್ತೇನೆ.

ಮಾಸ್ತರೇ, ಕನ್ನಡದ ಹಾಳೆಯನ್ನು ಮೇಡಂಗೆ ಕೊಟ್ಟೆ. ಇಪ್ಪತ್ತೈದು ಪ್ರತಿ ಜೆರಾಕ್ಸ್ ಮಾಡಿಸಿ ಮೇಜಿನ ಮೇಲೆ ಇಟ್ಟಿದ್ದಾರೆ. ಮೊನ್ನೆ ಹೋದಾಗ ಅದರಲ್ಲಿ ಒಂಬತ್ತು ಉಳಿದಿತ್ತು.